ಅಕ್ಕನ ಕಾರಿನ ಕಾಯಿಲೆ ಎಲ್ಲೂ ಬರೆದಿಲ್ಲ

ಹೋದ ವಾರ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ನಡುವೆ ಅವಳಿಗೆ ಇನ್ನೊಂದು ಕಾಲ್ ಬಂತು. "ಒಂದ್ನಿಮಿಷ ಇರೋ, ಶೋರೂಮಿನವರು" ಅಂತ ನನ್ನನ್ನು ಕಾಯಿಸಿದಳು. ಕಾರು ಸರ್ವಿಸ್ ಆಗಿತ್ತಲ್ಲ, ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಾ ಅಂತ ಕೇಳೋಕೆ ಮಾಡಿದ್ದರಂತೆ. ಅಕ್ಕ ಹತ್ತಕ್ಕೆ ಹತ್ತು ಕೊಟ್ಟಳು. ಅದೇ ಕಾರು ಹಿಂದಿನ ದಿನ ಸಂಜೆ ಗಣಂಗೂರು ಟೋಲ್ ಸಾಲಿನಲ್ಲಿ ಕೈಕೊಟ್ಟಿತ್ತು. ಹಿಂದೆ ಲಾರಿ, ಬಸ್ಸು, ಎಲ್ಲರದ್ದೂ ಹಾರ್ನ್. ಒಬ್ಬಳೇ ಇದ್ದಳು.

"ಮತ್ತೆ ಹತ್ತು ಯಾಕೆ ಕೊಟ್ಟೆ ಅಕ್ಕಾ?" ಅಂದೆ.

"ಆ ಹುಡುಗ ಗಾಡಿ ಕೊಡುವಾಗಲೇ ಬೇಡಿಕೊಂಡಿದ್ದ ಕಣೋ. ಕಡಿಮೆ ಕೊಟ್ರೆ ಅವನ ಇನ್ಸೆಂಟಿವ್ ಕಟ್ ಆಗುತ್ತಂತೆ. ಪಾಪ."

ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಕ್ಕನ ಮೇಲೆ ಸಿಟ್ಟಲ್ಲ. ಆ ಹುಡುಗನ ಮೇಲೂ ಅಲ್ಲ. ಕೆಟ್ಟು ನಿಂತ ಕಾರಿನ ಹೆಸರಲ್ಲಿ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಹತ್ತಕ್ಕೆ ಹತ್ತು ಅಂತ ಕೂತಿದೆಯಲ್ಲ, ಅದರ ಮೇಲೆ ಸಿಟ್ಟು.

ಅಕ್ಕ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಟೀಚರ್ ಆಗಿರುವುದು ಮಂಡ್ಯದಲ್ಲಿ. ದಿನಾ ಹೋಗಿ ಬರಬೇಕು. ಅವಳದ್ದು ಕ್ಲಚ್ ಪೆಡಲ್ ಇಲ್ಲದ ಚಿಕ್ಕ ಕಾರು, ಎಎಂಟಿ ಅಂತಾರಲ್ಲ, ಅದು. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ಎಡಗಾಲು ಮಾಡಬೇಕಾದ ಕೆಲಸವನ್ನು ಆಕ್ಚುಯೇಟರ್ ಅನ್ನುವ ಒಂದು ಸಣ್ಣ ಯಂತ್ರ ಮಾಡುತ್ತದೆ. ಯಾವಾಗ ಮಾಡಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ನಮ್ಮಲ್ಲಿ ಅಗ್ಗದ ಚಿಕ್ಕ ಕಾರುಗಳಿಗೆ ಇದು ಬಂದದ್ದು 2014ರಲ್ಲಿ. ಪೂರ್ತಿ ಆಟೊಮ್ಯಾಟಿಕ್‌ಗಿಂತ ರೇಟು ಕಡಿಮೆ, ಮೈಲೇಜೂ ಚೆನ್ನಾಗಿ ಬರುತ್ತೆ. ಅಕ್ಕ ತಗೊಂಡದ್ದು ಮಂಡಿ ನೋವಿಗೆ.

ಕಾರಿನ ತೊಂದರೆ ಏನಪ್ಪಾ ಅಂದರೆ, ನಿಂತು ನಿಂತು ಹೋಗುವ ಕಡೆ, ಅದರಲ್ಲೂ ಸ್ವಲ್ಪ ಏರಿದ್ದರೆ, ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತದೆ. ಮೊದಲು ಗಾಡಿ ಗಡಗಡ ಅದುರುತ್ತದೆ. ಆಮೇಲೆ ಮೀಟರಿನಲ್ಲಿ ಗೇರಿನ ನಂಬರ್ ಮಿಟುಕುತ್ತದೆ, ತಾನೇ ನ್ಯೂಟ್ರಲ್‌ಗೆ ಬೀಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಕದಲೋದಿಲ್ಲ. ಕೀ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಸಲೀಸಾಗಿ ಹೊರಡುತ್ತದೆ. ಅದೇ ದೊಡ್ಡ ಕಷ್ಟ. ಸರ್ವಿಸ್ ಸೆಂಟರ್ ತಲುಪುವ ಹೊತ್ತಿಗೆ ಅದಕ್ಕೆ ಏನೂ ಆಗಿರುವುದಿಲ್ಲ.

ಸರ್ವಿಸ್‌ಗೆ ಬಿಟ್ಟಾಗ ತೊಂದರೆ ಏನು, ಏನು ಮಾಡಿದರು ಅಂತ ಶೋರೂಮಿನವರು ಬರೆಯುವ ಜಾಬ್ ಕಾರ್ಡುಗಳ ಫೋಟೋ ತೆಗೆದು ಕಳಿಸು ಅಂದಿದ್ದೆ. ಕಳಿಸಿದ್ದಾಳೆ. ಒಂದರಲ್ಲಿ ಅವಳು ಅಷ್ಟುದ್ದ ಹೇಳಿದ್ದೆಲ್ಲ "ಜರ್ಕ್" ಅನ್ನುವ ಒಂದೇ ಪದವಾಗಿದೆ. ನ್ಯೂಟ್ರಲ್‌ಗೆ ಬಿದ್ದದ್ದು ಇಲ್ಲ, ಟೋಲ್ ಇಲ್ಲ, ಚಾಮುಂಡಿ ಬೆಟ್ಟದ ತಿರುವಿನಲ್ಲಿ ಹಿಂದಕ್ಕೆ ಜಾರಿದ್ದು ಇಲ್ಲ. ಎದುರಿಗೆ "ಚೆಕ್ ಮಾಡಿದೆ, ಓಕೆ". ಅದರ ಕೆಳಗೆ ವಾಟರ್ ವಾಶ್, ವ್ಯಾಕ್ಯೂಮ್, ವೀಲ್ ಅಲೈನ್‌ಮೆಂಟ್. ಇನ್ನೊಂದರಲ್ಲಿ "ಸಾಫ್ಟ್‌ವೇರ್ ಅಪ್‌ಡೇಟ್" ಅಂತಿದೆ. ಸ್ಕ್ಯಾನರ್ ಚುಚ್ಚಿ ಫಾಲ್ಟ್ ಕೋಡ್, ಅಂದರೆ ಏನು ಕೆಟ್ಟಿದೆ ಅಂತ ಕಾರಿನ ಕಂಪ್ಯೂಟರ್ ಬರೆದಿಟ್ಟ ಗುರುತು, ನೋಡುತ್ತಾರೆ, ಅಳಿಸುತ್ತಾರೆ. ಯಾವ ಕೋಡ್ ಇತ್ತು ಅಂತ ಯಾವ ಕಾರ್ಡಿನಲ್ಲೂ ಇಲ್ಲ. ಹಳೇ ಚೀಟಿ ಇಲ್ಲದೆ ಪ್ರತಿ ಸಲ ಹೊಸ ಡಾಕ್ಟರ ಮುಂದೆ ಕೂತ ಹಾಗೆ, ಅಕ್ಕ ಪ್ರತಿ ಸಲವೂ ಮೊದಲಿನಿಂದ ಹೇಳಬೇಕು. ಕೇಳಿಸಿಕೊಂಡವರು ಕೊನೆಗೆ ಹೇಳುವುದು ಒಂದೇ ಮಾತು: "ಮೇಡಂ, ಡ್ರೈವಿಂಗ್ ಸ್ಟೈಲ್ ಸ್ವಲ್ಪ ಚೇಂಜ್ ಮಾಡ್ಕೊಳ್ಳಿ." ಅಪ್ಪನ ಪದ್ಮಿನಿಯಲ್ಲಿ ಸ್ಟೀರಿಂಗ್ ಪಕ್ಕದ ಗೇರ್ ಹಾಕಿ ಕಾರು ಕಲಿತವಳು ನಮ್ಮಕ್ಕ. ಅವಳಿಗೆ ಈ ಮಾತು!

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಒಂದು ಕಾಲಕ್ಕೆ ಕಾರುಗಳಿಗೇ ಹೆಸರಾಗಿದ್ದ ಊರು. ಇಲ್ಲಿ ನಾನೂ ಒಂದು ಚಿಕ್ಕ ಕಾರು ತಗೊಂಡೆ, ಸೆಕೆಂಡ್ ಹ್ಯಾಂಡು. ನೋಡೋಕೆ ಹೋಗುವ ಮುಂಚೆ ಆಫೀಸಿನ ಗೆಳೆಯ "ಮೊದಲು ನಂಬರ್ ಹಾಕಿ ನೋಡು" ಅಂದ. ಈ ದೇಶದಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಅಂತ ಒಂದು ಪರೀಕ್ಷೆ. ಕಾರಿಗೆ 54.85 ಪೌಂಡ್‌ಗಿಂತ ಜಾಸ್ತಿ ಫೀಸು ತಗೊಳ್ಳುವಂತಿಲ್ಲ. ಗಾಡಿಯನ್ನು ಮೇಲೆತ್ತಿ ಬ್ರೇಕು, ಸಸ್ಪೆನ್ಷನ್, ಟೈರು, ತುಕ್ಕು, ಹೊಗೆ ಎಲ್ಲಾ ನೋಡುತ್ತಾರೆ. ಆ ಫಲಿತಾಂಶ ಸರ್ಕಾರದ ವೆಬ್‌ಸೈಟಿನಲ್ಲಿರುತ್ತದೆ. 2005ರಿಂದ ಇರುವ ದಾಖಲೆ. ಯಾರ ಕಾರಾದರೂ ಸರಿ, ಯಾರು ಬೇಕಾದರೂ ನೋಡಬಹುದು. ನಂಬರ್ ಪ್ಲೇಟ್ ಗೊತ್ತಿದ್ದರೆ ಸಾಕು, ದುಡ್ಡಿಲ್ಲ.

ನಾನು ನೋಡಲು ಹೋಗಬೇಕಿದ್ದ ಕಾರಿನ ಜಾತಕವೇ ಸ್ಕ್ರೀನ್ ಮೇಲೆ ಬಂತು. ಒಂದು ವರ್ಷ ಮುಂದಿನ ಎಡಗಡೆ ಕಾಯಿಲ್ ಸ್ಪ್ರಿಂಗ್ ತುಂಡಾಗಿ ಫೇಲ್. ರಿಪೇರಿ ಮಾಡಿಸಿದ ಮೇಲೆ ಪಾಸ್. ಅದಾದ ಮೇಲೆ ಬಲಗಡೆ ಸ್ಪ್ರಿಂಗೂ ಹಾಗೇ ತುಂಡಾಗಿ ಇನ್ನೊಂದು ಸಲ ಫೇಲ್. ಬ್ರೇಕ್ ಡಿಸ್ಕ್ ಸವೆಯುತ್ತಿದೆ, ಗಮನ ಕೊಡಿ ಅಂತ ಒಂದು ಸೂಚನೆ. ಪ್ರತಿ ಪರೀಕ್ಷೆಯ ದಿನ ಮೀಟರ್ ಎಷ್ಟು ತೋರಿಸುತ್ತಿತ್ತು ಅಂತಲೂ ಇತ್ತು. ಮೀಟರ್ ಹಿಂದಕ್ಕೆ ತಿರುಗಿಸಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮಾರುವವನ ಮನೆಗೆ ಹೋದಾಗ ಅವನು ಏನನ್ನೂ ಮುಚ್ಚಿಡಲಿಲ್ಲ, ಮುಚ್ಚಿಡುವ ಹಾಗೂ ಇರಲಿಲ್ಲ. ಸ್ಪ್ರಿಂಗ್ ಬಗ್ಗೆ ಅವನೇ ಮೊದಲು ಹೇಳಿದ. ರೇಟು ಮಾತಾಡಿದೆವು, ತಗೊಂಡೆ. ಅವತ್ತು ನನಗಾದ ಖುಷಿ ಕಾರು ಬಂತು ಅಂತ ಅಲ್ಲ, ಇಷ್ಟು ನೆಮ್ಮದಿಯಾಗಿ ಒಂದು ಹಳೇ ಗಾಡಿ ಕೊಳ್ಳಬಹುದಲ್ಲ ಅಂತ.

ನಮ್ಮ ಊರಲ್ಲಿ ಹಳೇ ಕಾರು ನೋಡೋಕೆ ಹೋಗಿ. "ಸಿಂಗಲ್ ಓನರ್ ಸಾರ್, ಡಾಕ್ಟರ್ ಗಾಡಿ, ಮನೆ-ಕ್ಲಿನಿಕ್ ಅಷ್ಟೇ." ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಕೆಎ-09, ಕೆಎ-55, ಕೆಎ-11, ಯಾವ ನಂಬರ್ ಹಾಕಿದರೂ ರಿಜಿಸ್ಟ್ರೇಷನ್ ತಾರೀಕು ಬರುತ್ತೆ, ಇನ್ಶೂರೆನ್ಸ್ ಬರುತ್ತೆ, ಎಮಿಷನ್ ಬರುತ್ತೆ. ಗಾಡಿ ಹೇಗಿದೆ ಅನ್ನುವುದೊಂದು ಬರೋದಿಲ್ಲ. ಸ್ವಂತ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಇರುತ್ತದೆ. ಅಷ್ಟು ವರ್ಷ ಸರ್ಕಾರದ ಕಡೆಯಿಂದ ಯಾರೂ ಅದರ ಅಡಿಗೆ ಬಗ್ಗಿ ನೋಡುವುದಿಲ್ಲ.

ಬರೀ ಸರ್ಕಾರದ್ದೇ ತಪ್ಪು ಅಂದರೆ ಅರ್ಧ ಮಾತಾಗುತ್ತೆ. ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಮನೆಗೆ ತಂದ ಗಾಡಿ. ಅದರ ಬಗ್ಗೆ ಕೆಟ್ಟ ಮಾತು ಆಡೋದಕ್ಕೆ ನಮಗೆ ಮನಸ್ಸು ಬರೋದಿಲ್ಲ. ಅಕ್ಕ ಒಂದು ದಿನ ಬೇಸರದಲ್ಲಿ "ಈ ದರಿದ್ರ ಕಾರು" ಅಂದಳಂತೆ. ಅಮ್ಮ ಒಳಗಿನಿಂದಲೇ "ಮನೆ ಗಾಡೀನ ಹಾಗನ್ನಬೇಡವೇ" ಅಂತ ಗದರಿದರಂತೆ. ಇದರ ಜೊತೆಗೆ ಮರ್ಯಾದೆ ಪ್ರಶ್ನೆ ಬೇರೆ. ಆರೇಳು ಲಕ್ಷ ಕೊಟ್ಟು ತಂದದ್ದು ಕೆಟ್ಟದ್ದು ಅಂತ ಹೇಳಿಕೊಂಡರೆ ನಾವೇ ದಡ್ಡರು ಅಂತ ಆಗುತ್ತಲ್ವಾ? ಅಕ್ಕನ ಸ್ಟಾಫ್‌ರೂಮಿನಲ್ಲೇ ಇನ್ನೊಬ್ಬ ಮೇಷ್ಟ್ರ ಹತ್ತಿರ ಅದೇ ಮಾಡೆಲ್ ಇತ್ತು. "ಹೇಗಿದೆ ಸಾರ್ ಗಾಡಿ" ಅಂದಾಗಲೆಲ್ಲ "ಸೂಪರ್ ಮೇಡಂ" ಅನ್ನುತ್ತಿದ್ದರು. ಮದ್ದೂರಿನ ಕಡೆಯ ಯಾರಿಗೋ ಮಾರಿದ ಮೇಲೆ ಒಂದು ದಿನ ಊಟದ ಡಬ್ಬಿ ಬಿಚ್ಚುತ್ತಾ ಹೇಳಿದರಂತೆ, "ನಂದೂ ನ್ಯೂಟ್ರಲ್‌ಗೆ ಬೀಳ್ತಿತ್ತು ಮೇಡಂ." ಒಳ್ಳೇ ಮನುಷ್ಯ ಅವರು. ಆದರೆ ಮದ್ದೂರಿನ ಆ ಮನೆಯವರು ಈಗ ಯಾವ ಏರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಿಂತಿದ್ದಾರೋ.

ಇಂಗ್ಲೆಂಡಿನ ಕಾನೂನಿಗೂ ಹಲ್ಲಿದೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ಡೀಲರ್ ಹತ್ತಿರ ಕೊಂಡ ಕಾರು, ಹೊಸದಾಗಲಿ ಹಳೆಯದಾಗಲಿ, ದೋಷ ಇದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು. ಅದು ದಾಟಿದ ಮೇಲೆ ರಿಪೇರಿಗೆ ಅವರಿಗೆ ಒಂದು ಅವಕಾಶ. ಒಂದೇ. ಆಗಲೂ ಸರಿಹೋಗದಿದ್ದರೆ ಮತ್ತೆ ವಾಪಸ್ ಕೊಡುವ ಹಕ್ಕು ಬರುತ್ತದೆ. ಆರು ತಿಂಗಳ ಒಳಗೆ ಕಂಡ ದೋಷ ಮಾರುವಾಗ ಇರಲಿಲ್ಲ ಅಂತ ತೋರಿಸಬೇಕಾದವನು ಡೀಲರ್, ಕೊಂಡವನಲ್ಲ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ನಂಬಲಿಲ್ಲ.

ನಮ್ಮಲ್ಲೂ ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. 50 ಲಕ್ಷದವರೆಗಿನ ವಸ್ತುವಿಗೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಮನೆಯಲ್ಲಿ ಕೂತು ಇ-ಜಾಗೃತಿ ಪೋರ್ಟಲ್‌ನಲ್ಲೂ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೂ ತಿದ್ದುಪಡಿ ಬಂತು: ಜನರಿಗೆ ಅಪಾಯ ತರುವ ದೋಷದ ಬಗ್ಗೆ ಒಂದೇ ಮಾಡೆಲ್‌ನ ಇಂತಿಷ್ಟು ಮಾಲೀಕರು ದೂರು ಕೊಟ್ಟರೆ, ಆ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿ ಅಂತ ಸರ್ಕಾರ ಕಂಪನಿಗೆ ಆದೇಶ ಮಾಡಬಹುದು. ಒಳ್ಳೇ ಕಾನೂನು. ಆದರೆ ಲೆಕ್ಕ ಹಾಕೋದು ದೂರುಗಳನ್ನು. ಆಯೋಗದ ಮುಂದೆ ಹೋದರೂ ಕಾಗದ ಕೇಳುತ್ತಾರೆ, ತಯಾರಿಕೆಯಲ್ಲೇ ದೋಷ ಇದೆ ಅನ್ನಲು ಪರಿಣತರ ವರದಿ ಕೇಳುತ್ತಾರೆ. ಅಕ್ಕನ ಕೈಯಲ್ಲಿರುವುದು "ಜರ್ಕ್, ಓಕೆ" ಅನ್ನುವ ಕಾರ್ಡು. ಎದುರು ಪಕ್ಷದವರ ಕೈಯಲ್ಲಿ ಅವಳೇ ಕೊಟ್ಟ ಹತ್ತಕ್ಕೆ ಹತ್ತು.

ನನಗೆ ತುಂಬಾ ಸಂಕಟ ಆಗುವುದು ಏನು ಗೊತ್ತಾ? ಈ ವಿಷಯ ನಮ್ಮೂರಲ್ಲಿ ಗೊತ್ತಿಲ್ಲ ಅಂತಲ್ಲ. ಮಂಡ್ಯದ ಗುತ್ತಲು ರಸ್ತೆ ಕಡೆ ಒಂದು ಶೆಡ್ಡಿಗೆ ಅಕ್ಕ ಗಾಡಿ ತಗೊಂಡು ಹೋಗಿದ್ದಳು. ಮೆಕ್ಯಾನಿಕ್ ಬಾನೆಟ್ ಕೂಡ ಎತ್ತಲಿಲ್ಲ. "ಅಯ್ಯೋ ಬುಡಿ ಮೇಡಂ, ಈ ಮಾಡ್ಲಿಗೆ ಇದೇ ಕಾಯ್ಲೆ. ತಿಂಗ್ಳಿಗೆ ಮೂರ್ನಾಕು ಬತ್ತವೆ. ವಾರಂಟಿ ಇರೋಗಂಟ ನಾನ್ ಮುಟ್ಟಂಗಿಲ್ಲ, ಅವರೇ ಮಾಡ್ಕೊಡ್ಬೇಕು" ಅಂದನಂತೆ. ನಿಂತ ನಿಲುವಿನಲ್ಲೇ ಹೇಳಿಬಿಟ್ಟ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವ ಅಳತೆ ಸವೆದಂತೆಲ್ಲ ಬದಲಾಗುತ್ತೆ, ಅದನ್ನು ಕಂಪ್ಯೂಟರಿಗೆ ಮತ್ತೆ ಕಲಿಸಿಕೊಟ್ಟರೆ ಸ್ವಲ್ಪ ದಿನ ತಡೆಯುತ್ತೆ, ಆಮೇಲೆ ಮತ್ತೆ ಶುರು ಅಂತಲೂ ಹೇಳಿದನಂತೆ. ದೊಡ್ಡ ಗಾಜಿನ ಕಟ್ಟಡದವರು ಒಂದು ಸಲವೂ ಬಾಯಿ ಬಿಡದ ಮಾತು ಇದು. ಮಂಡ್ಯದ ಶೆಡ್ಡಿನಲ್ಲಿ ಗೊತ್ತಿದೆ, ನಂಜನಗೂಡಿನ ಶೆಡ್ಡಿನಲ್ಲೂ ಗೊತ್ತಿರುತ್ತೆ. ಬಾಯಲ್ಲಿದೆ, ಕಾಗದದಲ್ಲಿಲ್ಲ.

ಇಂಗ್ಲೆಂಡಿನಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳಲಾರೆ. ಹೇಳಲೇಬೇಕಾದ ಒಂದು ವಿಷಯ ಇದೆ. ಎಂಒಟಿಯಲ್ಲಿ ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿದೆ ಅಂತ ನೋಡುವುದಿಲ್ಲ. ಅಂದರೆ ಅಕ್ಕನ ಕಾರು ಕವೆಂಟ್ರಿಯಲ್ಲಿದ್ದಿದ್ದರೂ ಅದರ ಈ ತೊಂದರೆ ಆ ವೆಬ್‌ಸೈಟಿನಲ್ಲಿ ಬರುತ್ತಿರಲಿಲ್ಲ. "ಈ ಮಾಡೆಲ್ ಎಲ್ಲಾ ಹೀಗೇ ಸಾರ್" ಅನ್ನುವ ಉತ್ತರ ಇಲ್ಲಿನ ಡೀಲರುಗಳ ಬಾಯಲ್ಲೂ ಕೇಳಿದ್ದೇನೆ. ಗ್ಯಾರೇಜಿನ ಕೂಲಿ ಗಂಟೆ ಲೆಕ್ಕ, ಅದನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಗಂಟಲು ಒಣಗುತ್ತೆ. ರಸ್ತೆಯಲ್ಲಿ ಗಾಡಿ ನಿಂತರೆ ಬ್ರೇಕ್‌ಡೌನ್ ಕಂಪನಿಗೆ ಫೋನ್ ಮಾಡಿ ಮಳೆಯಲ್ಲಿ ಕಾಯಬೇಕು. ಗಣಂಗೂರಿನಲ್ಲಿ ಅಕ್ಕನ ಕಾರನ್ನು ಪಕ್ಕಕ್ಕೆ ತಳ್ಳಿದ್ದು ಹಿಂದಿನ ಟೆಂಪೋ ಡ್ರೈವರ್ ಮತ್ತು ಸೌತೆಕಾಯಿ ಮಾರುವ ಇಬ್ಬರು ಹುಡುಗರು. ಅವಳು ಹೊರಡುವ ತನಕ ಅಲ್ಲೇ ನಿಂತಿದ್ದರಂತೆ.

ಇನ್ನೊಂದನ್ನೂ ಒಪ್ಪಲೇಬೇಕು. ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಟ ಬೈಕುಗಳು ಇವತ್ತಿಗೂ ಓಡುತ್ತಿವೆ ಅಂದರೆ ಅದಕ್ಕೆ ಕಾರಣ ಯಾವ ರಿಜಿಸ್ಟರೂ ಅಲ್ಲ, ನಮ್ಮೂರಿನ ಮೆಕ್ಯಾನಿಕ್‌ಗಳ ನೆನಪು. ನಮ್ಮ ಮಾವನ ಯೆಜ್ಡಿ ಬೀದಿ ತಿರುವಿನಲ್ಲಿ ಬರುವ ಸದ್ದಿಗೇ "ಪಾಯಿಂಟ್ ಹೋಗಿದೆ" ಅನ್ನುತ್ತಿದ್ದ ಸಾಬರು ಒಬ್ಬರಿದ್ದರು. ಅಂಥವರು ಕವೆಂಟ್ರಿಯಲ್ಲಿ ನನಗೆ ಸಿಕ್ಕಿಲ್ಲ. ಆದರೆ ಆ ಬೈಕಿನ ಒಳಗಿನದ್ದು ಕಿವಿಗೆ ಕೇಳುತ್ತಿತ್ತು. ಈಗಿನ ಕಾರಿನ ತೊಂದರೆ ಕೋಡಿನಲ್ಲಿರುತ್ತೆ, ಆ ಕೋಡನ್ನು ಅಳಿಸುವ ಬಟನ್ ಒಬ್ಬರ ಕೈಯಲ್ಲೇ ಇರುತ್ತೆ.

ಅಕ್ಕನಿಗೆ ಹೇಳಿದ್ದೇನೆ. ಮುಂದಿನ ಸಲ ಹೋದಾಗ ಏನಾಯಿತು, ಎಲ್ಲಿ ಆಯಿತು, ಮೀಟರಿನಲ್ಲಿ ಏನು ಕಂಡಿತು, ಎಲ್ಲಾ ನೀನೇ ಬರೆದುಕೊಂಡು ಹೋಗು. ಅದೇ ಮಾತು ಜಾಬ್ ಕಾರ್ಡಿನಲ್ಲಿ ಬರುವ ತನಕ ಸೈನ್ ಹಾಕಬೇಡ. ಅಳಿಸುವ ಮುಂಚೆ ಕೋಡಿನ ಪ್ರಿಂಟ್ ಕೇಳು. ಕೊಡದಿದ್ದರೆ ಸ್ಕ್ಯಾನರಿನ ಫೋಟೋ ತೆಗೆದುಕೋ. ಮಾರ್ಕ್ಸ್ ಕೇಳೋಕೆ ಫೋನ್ ಬಂದರೆ ಹುಡುಗನ ನಡವಳಿಕೆಗೆ ಹತ್ತು, ಗಾಡಿಗೆ ಸೊನ್ನೆ ಅಂತ ಬಿಡಿಸಿ ಹೇಳು. "ಅಷ್ಟೆಲ್ಲ ಜಗಳ ನನ್ನ ಕೈಲಾಗಲ್ಲ ಕಣೋ" ಅಂದಳು. ಜಗಳ ಅಲ್ಲ ಇದು, ಬರೆಸೋದು ಅಂದೆ.

ಭಾವನವರದ್ದು ಬೇರೆ ವಾದ. ಹಾಗೆಲ್ಲ ಬರೆಸಿಟ್ಟರೆ ನಾಳೆ ಮಾರುವಾಗ ಯಾರು ತಗೋತಾರೆ, ಐವತ್ತು ಸಾವಿರ ಬೀಳುತ್ತೆ ಅನ್ನುತ್ತಾರೆ. ಬೀಳಬಹುದು. ಕೊಂಡುಕೊಳ್ಳುವವನಿಗೆ ಗೇರ್‌ಬಾಕ್ಸ್ ಹೀಗಿದೆ ಅಂತ ಗೊತ್ತಿದ್ದರೆ ಅವನು ಆ ಬೆಲೆಗೇ ಕೇಳುತ್ತಾನೆ, ಅದು ಅದರ ಸರಿಯಾದ ಬೆಲೆ. ಆ ಐವತ್ತು ಸಾವಿರ ಮದ್ದೂರಿನವನ ಜೇಬಿನಿಂದ ಬರಬೇಕಾದದ್ದಲ್ಲ, ಕಾರು ಮಾಡಿದವರಿಂದ ಬರಬೇಕಾದದ್ದು.