ಫೋಟೋ ಹುಡುಕಿದಾಗ ಏನೂ ಸಿಗದಿದ್ದರೆ ಅದು ಹೊಸದು ಎಂದಲ್ಲ

“ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯ ಪ್ರತಿ ಸಿಗಲಿಲ್ಲ ಅಂದರೆ ಅದು ಇವತ್ತಿನದೇ, ಅಸಲಿ” ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಲೆನ್ಸ್ ಎಂದರೆ, ಒಂದು ಫೋಟೋ ಕೊಟ್ಟರೆ ಅದನ್ನೇ ಹೋಲುವ ಚಿತ್ರಗಳನ್ನು ಅಂತರ್ಜಾಲದಿಂದ ಹುಡುಕಿಕೊಡುವ ಗೂಗಲ್ ಸೇವೆ. ಈ ಹುಡುಕಾಟದಲ್ಲಿ ಕಂಪ್ಯೂಟರ್ ಚಿತ್ರದ ಬಣ್ಣ, ಆಕಾರ, ಅಂಚುಗಳಂಥ ಗುಣಗಳನ್ನು ಅಂಕಿಗಳ ಸಾಲಾಗಿ ಮಾಡಿಕೊಳ್ಳುತ್ತದೆ. ತನ್ನ ಸಂಗ್ರಹದಲ್ಲಿ ಮೊದಲೇ ಇರುವ ಚಿತ್ರಗಳ ಅಂಕಿಗಳ ಜೊತೆ ಹೋಲಿಸುತ್ತದೆ. ಹತ್ತಿರದವು ಮೇಲೆ ಬರುತ್ತವೆ. ಸಂಗ್ರಹದಲ್ಲಿ ಇಲ್ಲದ್ದು ಸಿಗುವುದಿಲ್ಲ, ಅಷ್ಟೇ. ಹತ್ತು ವರ್ಷದ ಹಿಂದೆ ಯಾರೋ ತೆಗೆದು ಫೋನಿನಲ್ಲೇ ಇಟ್ಟುಕೊಂಡಿದ್ದ ಪ್ರವಾಹದ ಫೋಟೋ ಅಲ್ಲಿಗೆ ಎಲ್ಲಿಂದ ಬರಬೇಕು? ಎಐ ಈಗ ತಾನೇ ಮಾಡಿಕೊಟ್ಟ ಚಿತ್ರಕ್ಕೂ ಹಳೆಯ ಪ್ರತಿ ಇರುವುದಿಲ್ಲ, ಅಲ್ವಾ?

ಟಿನ್‌ಐ ಎಂಬ ಇನ್ನೊಂದು ಫೋಟೋ ಹುಡುಕುವ ಸೇವೆ ತೋರಿಸುವ ಅತಿ ಹಳೆಯ ದಿನಾಂಕವೇ ಫೋಟೋ ತೆಗೆದ ದಿನ ಅಂತಲೂ ಆ ಸಂದೇಶ ಹೇಳುತ್ತದೆ. ಅದೂ ಸರಿಯಲ್ಲ. ಟೊರಾಂಟೊದ ಕಂಪನಿಯೊಂದು 2008ರಲ್ಲಿ ಶುರುಮಾಡಿದ ಈ ಸೇವೆ ಕೊಡುವುದು, ತಾನು ಆ ಚಿತ್ರವನ್ನು ಅಂತರ್ಜಾಲದಲ್ಲಿ ಮೊದಲು ಕಂಡ ದಿನವನ್ನು. ಫೋಟೋ ಅದಕ್ಕಿಂತ ಎಷ್ಟೋ ಹಳೆಯದಿರಬಹುದು.

ಹಾಗಂತ ಹುಡುಕುವುದು ದಂಡ ಅಲ್ಲ. ಹಳೆಯ ಪ್ರತಿ ಸಿಕ್ಕಿತೋ, “ನಿನ್ನೆಯ ಘಟನೆ” ಎಂಬ ಮಾತು ಅಲ್ಲಿಗೇ ಬಿತ್ತು. ಆದರೆ ಲೆನ್ಸ್ ಬರೀ ಹೋಲುವ ಚಿತ್ರಗಳನ್ನೂ ಜಾಸ್ತಿ ತೋರಿಸುತ್ತದೆ. ಅದೇ ಫೋಟೋನಾ ಎಂದು ಕಣ್ಣಾರೆ ನೋಡಿಕೊಳ್ಳಿ.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.