ಮುಲಾಮು ಹಚ್ಚೂದಕ್ಕಿಂತ ಮೊದಲು ಡರ್ಮೋಸ್ಕೋಪ್ ಹಿಡೀರಿ

ಆರೇಳು ವರ್ಷದ ಹುಡುಗನ ತಲೆಯಲ್ಲಿ ಎಂಟಾಣೆ ಅಗಲದಷ್ಟು ಕೂದಲು ಹೋಗಿ ಬಿಳಿ ಹೊಟ್ಟು ಎದ್ದರೆ, ಇಂಡಿ ಆಗಲಿ ಅಥಣಿ ಆಗಲಿ ಹುನಗುಂದ ಆಗಲಿ, ಮನೆಯವರು ಹೇಳುವುದು ಒಂದೇ ಮಾತು: "ತೆಲ್ಯಾಗ ಹುಳಾ ತಿಂದೈತ್ರಿ." ಆಮೇಲೆ ಬೆಳ್ಳುಳ್ಳಿ ತಿಕ್ಕುತ್ತಾರೆ, ಔಷಧ ಅಂಗಡಿಯಿಂದ ಒಂದು ಟ್ಯೂಬ್ ತರುತ್ತಾರೆ, ಅದಕ್ಕೂ ಬಗ್ಗದಿದ್ದರೆ ತಲೆ ಬೋಳಿಸುತ್ತಾರೆ. ರೋಗ ವಾಸಿಯಾಗುವುದು ಅತ್ತ ಇರಲಿ, ಅದು ಶಿಲೀಂಧ್ರದಿಂದ (ಬೂಷ್ಟಿನಿಂದ) ಬರುವ ಹುಳಕಡ್ಡಿಯೋ ಬೇರೆ ರೋಗವೋ ಎಂದು ಗುರುತಿಸುವುದಕ್ಕೂ ಈ ಮೂರರಿಂದ ಅಡ್ಡಿ. ಚರ್ಮ, ಕೂದಲನ್ನು ಹಿಗ್ಗಿಸಿ ತೋರಿಸುವ, ಕೈಯಲ್ಲಿ ಹಿಡಿಯುವ ಡರ್ಮೋಸ್ಕೋಪ್ ತಾಲ್ಲೂಕು ಆಸ್ಪತ್ರೆಗೊಂದು ಇರಲೇಬೇಕು, ಮಗುವಿನ ತಲೆಗೆ ಏನನ್ನೇ ಹಚ್ಚುವ ಮೊದಲು ಅದರಲ್ಲಿ ನೋಡಲೇಬೇಕು ಎಂಬುದು ನನ್ನ ಹಟ.

ಇದು ಬರೀ ಭೂತಗನ್ನಡಿ ಅಲ್ಲ. ಭೂತಗನ್ನಡಿಯಲ್ಲಿ ಚರ್ಮದ ಹೊಳಪೇ ಕಣ್ಣಿಗೆ ಹೊಡೆಯುತ್ತದೆ. ಡರ್ಮೋಸ್ಕೋಪಿನ ದೀಪಕ್ಕೆ ಧ್ರುವೀಕರಣದ ಫಿಲ್ಟರ್ ಇರುವುದರಿಂದ ಆ ಹೊಳಪು ತಗ್ಗಿ, ಕೂದಲು ಚರ್ಮದಿಂದ ಹೊರಬರುವ ಜಾಗ ಸ್ಪಷ್ಟವಾಗುತ್ತದೆ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಲೆನ್ಸಿಗೆ ಆ ಫಿಲ್ಟರ್ ಇರುವುದಿಲ್ಲ. ಎಣ್ಣೆ ತಲೆಯ ಮೇಲೆ ಹಿಡಿದರೆ ಬೆಳಕಿನ ಚುಕ್ಕೆ ಬಿಟ್ಟು ಮತ್ತೇನೂ ಕಾಣದು. 10 ಪಟ್ಟು ಹಿಗ್ಗಿಸುವ ಸಾಧನ ಈ ಕೆಲಸಕ್ಕೆ ಸಾಕು. ಅದಕ್ಕಿಂತ ಹೆಚ್ಚು ಹಿಗ್ಗಿಸಿದಷ್ಟೂ ಅಳುವ ಮಗುವಿನ ತಲೆ ಚೌಕಟ್ಟಿನೊಳಗೆ ನಿಲ್ಲುವುದಿಲ್ಲ.

ಮಗುವನ್ನು ಕರೆತರುವ ಎರಡು ದಿನ ಮೊದಲಿಂದ ತಲೆಗೆ ಎಣ್ಣೆ ಬೇಡ, ಆ ದಿನ ಬೆಳಿಗ್ಗೆ ಶಾಂಪೂವೂ ಬೇಡ. ಎಣ್ಣೆಯಿಂದ ಹೊಟ್ಟು ಮರೆಯಾಗುತ್ತದೆ, ಶಾಂಪೂವಿನಿಂದ ತೊಳೆದೇ ಹೋಗುತ್ತದೆ. ಮೊದಲು ಎದುರು ಬದಿಯ ಚೆನ್ನಾಗಿರುವ ಜಾಗ ನೋಡಿಕೊಳ್ಳಿ. ನಮ್ಮ ಕಡೆಯ ಕಂದು ಚರ್ಮದಲ್ಲಿ ಜಾಲರಿಯಂಥ ಬಣ್ಣ, ನಡುನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಸಹಜವಾಗಿಯೇ ಇರುತ್ತವೆ; ಅವನ್ನು ರೋಗ ಅಂದುಕೊಳ್ಳಬಾರದು. ಆಮೇಲೆ ಬೋಳಾದ ಜಾಗದ ಅಂಚಿಗೆ ಬನ್ನಿ. ನಡುಭಾಗದಲ್ಲಿ ಕೂದಲು ಆಗಲೇ ಮುರಿದು ಹೋಗಿರುತ್ತದೆ, ಜೀವಂತ ಸಾಕ್ಷಿ ಇರುವುದು ಅಂಚಿನಲ್ಲಿ. ಮೊದಲ ನೋಟ ಚರ್ಮಕ್ಕೆ ತಾಗಿಸದೆ, ಒಣಗಿದ ಹಾಗೇ: ಹೊಟ್ಟು, ಕೀವಿನ ಗುಳ್ಳೆ, ಕೂದಲ ಬುಡದ ಬಿಳಿ ಪೊರೆ ಆಗ ಕಾಣುತ್ತವೆ. ಎರಡನೆಯ ಸಲ ಅಲ್ಟ್ರಾಸೌಂಡ್ ಜೆಲ್ ಹಚ್ಚಿ, ಒತ್ತದೆ ಮೆಲ್ಲಗೆ ಇಡಿ. ಜೆಲ್ ತಾಗಿದರೆ ಹೊಟ್ಟು ಪಾರದರ್ಶಕವಾಗಿ ಕೂದಲಿನ ಆಕಾರ ಬಿಡಿಸಿಕೊಳ್ಳುತ್ತದೆ. ಸ್ಪಿರಿಟ್ ಬಳಸಿದರೂ ನಡೆದೀತು, ಆದರೆ ಹುಣ್ಣಿದ್ದರೆ ಉರಿದು ಮಗು ಮತ್ತೆ ಹತ್ತಿರ ಬರುವುದಿಲ್ಲ.

ನೋಡಬೇಕಾದದ್ದು ಹೊಟ್ಟಿಗಿಂತ ಹೆಚ್ಚಾಗಿ ಕೂದಲಿನ ಆಕಾರ. ಅಲ್ಪವಿರಾಮ ಚಿಹ್ನೆಯ ಹಾಗೆ ಬಾಗಿದ, ಗಿಡ್ಡನೆಯ, ಒಂದೇ ದಪ್ಪದ ಕೂದಲು ಕಂಡರೆ ಹುಳಕಡ್ಡಿಯ ಶಿಲೀಂಧ್ರ ಎಂದು ಬಹುಮಟ್ಟಿಗೆ ಹೇಳಬಹುದು. ಇದೇ ಕೂದಲು ಇನ್ನಷ್ಟು ಸುತ್ತಿಕೊಂಡು ಸುರುಳಿಯಾಗುವುದೂ ಉಂಟು. ಟ್ರೈಕೋಫೈಟಾನ್ ಜಾತಿಯ ಶಿಲೀಂಧ್ರ ಕೂದಲಿನ ಒಳಗೇ ತುಂಬಿಕೊಂಡು ಅದರ ಗಟ್ಟಿತನ ತಿಂದುಹಾಕುವುದರಿಂದ ಹೀಗೆ ಬಾಗುತ್ತದೆ. ಬುಡದಲ್ಲೇ ತುಂಡಾದರೆ ಕಪ್ಪು ಚುಕ್ಕೆ ಉಳಿಯುತ್ತದೆ. ಮೈಕ್ರೋಸ್ಪೋರಮ್ ಜಾತಿಯದರ ಬೀಜಕಣಗಳು ಕೂದಲ ಹೊರಗೆ ಕವಚ ಕಟ್ಟಿ ಅಲ್ಲಲ್ಲಿ ಸಿಪ್ಪೆ ಕೊರೆಯುತ್ತವೆ. ಅದಕ್ಕೇ ಅಂಥ ಕೂದಲು ಅಂಕುಡೊಂಕಾಗಿ ಮಡಚಿರುತ್ತದೆ, ಇಲ್ಲವೇ ಅಡ್ಡಡ್ಡ ಬಿಳಿ ಪಟ್ಟಿ ಬಿದ್ದು ತಂತಿ ಸಂದೇಶದ ಚುಕ್ಕೆ-ಗೀಟಿನ ಮೋರ್ಸ್ ಸಂಕೇತದ ಹಾಗೆ ಕಾಣುತ್ತದೆ. ಈ ಎರಡನೆಯ ನಮೂನೆ ಸಿಕ್ಕರೆ ಮನೆಯಲ್ಲಿ ಬೆಕ್ಕು, ನಾಯಿಮರಿ ಇವೆಯೇ ಎಂದು ಕೇಳಿ, ಅವುಗಳಿಂದ ಅಂಟಿರಬಹುದು.

ಕಪ್ಪು ಚುಕ್ಕೆ ಒಂದನ್ನೇ ನಂಬಿ ತೀರ್ಪು ಕೊಡಬೇಡಿ. ಕೂದಲು ದುಂಡುದುಂಡಾಗಿ ಉದುರುವ ಅಲೊಪೇಸಿಯಾ ಏರಿಯೇಟಾ ರೋಗದಲ್ಲೂ ಅವು ಇರುತ್ತವೆ, ಮಗು ತಾನೇ ಕೂದಲು ಕಿತ್ತುಕೊಳ್ಳುವ ಚಟದಲ್ಲೂ ಇರುತ್ತವೆ. ಅಲೊಪೇಸಿಯಾದಲ್ಲಿ ಚರ್ಮ ನುಣ್ಣಗೆ, ಹೊಟ್ಟು ಇಲ್ಲ. ಕೂದಲು ಬುಡದ ಕಡೆ ಸಣ್ಣಗಾಗುತ್ತ ಆಶ್ಚರ್ಯಸೂಚಕ ಚಿಹ್ನೆಯಂತೆ ನಿಂತಿರುತ್ತದೆ, ಹಳದಿ ಚುಕ್ಕೆಗಳೂ ಇರಬಹುದು. ಕಿತ್ತುಕೊಳ್ಳುವ ಚಟದಲ್ಲಿ ಕೂದಲು ಒಂದೊಂದು ಒಂದೊಂದು ಉದ್ದಕ್ಕೆ ಮುರಿದು ತುದಿ ಸೀಳಿರುತ್ತದೆ. ಸಾದಾ ತಲೆಹೊಟ್ಟಿನಲ್ಲಿ ಮುರಿದ ಕೂದಲೇ ಇರುವುದಿಲ್ಲ. ಈಗ ಗೊತ್ತಾಗಿರಬೇಕು, "ಬೋಳಿಸಿಕೊಂಡು ಬರ್ರಿ" ಎನ್ನುವ ಸಲಹೆ ಯಾಕೆ ನಿಲ್ಲಬೇಕು ಎಂದು. ಬೋಳಿಸಿದ ತಲೆ ಪೂರಾ ಕಪ್ಪು ಚುಕ್ಕೆ. ಹರಕೆಗೆ ಮುಡಿ ಕೊಟ್ಟು ಬಂದ ಮಗುವಾದರೆ ಒಂದೆರಡು ವಾರ ಕೂದಲು ಚಿಗುರಿದ ಮೇಲೆ ಮತ್ತೆ ನೋಡಿ, ಆ ಮಧ್ಯೆ ಹೊಟ್ಟನ್ನು ಕೆರೆದು ಪರೀಕ್ಷೆಗೆ ಕಳಿಸಬಹುದು.

ವುಡ್ಸ್ ಲ್ಯಾಂಪ್ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಅದರ 365 ನ್ಯಾನೋಮೀಟರ್ ನೇರಳಾತೀತ ಬೆಳಕಿಗೆ ಮೈಕ್ರೋಸ್ಪೋರಮ್ ಕೇನಿಸ್ ಹಸಿರಾಗಿ ಹೊಳೆಯುತ್ತದೆ, ನಿಜ. ಆದರೆ ಭಾರತದಲ್ಲಿ ಮಕ್ಕಳ ತಲೆಯಲ್ಲಿ ಹೆಚ್ಚಾಗಿ ಸಿಗುವ ಟ್ರೈಕೋಫೈಟಾನ್ ವಯೋಲೇಸಿಯಮ್ ಹೊಳೆಯುವುದೇ ಇಲ್ಲ. ಅಂದರೆ ದೀಪಕ್ಕೆ ಏನೂ ಕಾಣಲಿಲ್ಲ ಎಂದರೆ ರೋಗ ಇಲ್ಲ ಎಂದು ಅರ್ಥವಲ್ಲ. ಇನ್ನು ಹೊಳೆದದ್ದೆಲ್ಲ ಶಿಲೀಂಧ್ರವೂ ಅಲ್ಲ: ಸವದತ್ತಿ ಗುಡ್ಡದ ಭಂಡಾರ ಹಣೆ, ಕೂದಲಂಚಿಗೆ ಮೆತ್ತಿದ್ದರೆ ಅರಿಶಿನವೇ ಹಳದಿ-ಹಸಿರಾಗಿ ಮಿಂಚುತ್ತದೆ. ಸ್ಯಾಲಿಸಿಲಿಕ್ ಆಮ್ಲದ ಮುಲಾಮಿನದೂ ಇದೇ ಆಟ. ವಿಭೂತಿ ಮಾತ್ರ ಬೇರೆ ಥರ ಮೋಸ ಮಾಡುತ್ತದೆ, ಲೆನ್ಸಿನಲ್ಲಿ ಹೊಟ್ಟಿನಂತೆ ಕಾಣುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿದರೆ ಆಯಿತು.

ಲೆನ್ಸ್ ಹೇಳಿತೆಂದು ಸುಮ್ಮನಾಗುವಂತಿಲ್ಲ, ಕೆಓಎಚ್ ಪರೀಕ್ಷೆ (ಮಾದರಿಗೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಹುಡುಕುವುದು) ಬೇಕು. ಲೆನ್ಸಿನ ನಿಜವಾದ ಉಪಕಾರ ಇಲ್ಲಿದೆ ನೋಡಿ. ಮಾದರಿ ತೆಗೆಯುವವರು ಸಾಮಾನ್ಯವಾಗಿ ಕೈಗೆ ಸುಲಭವಾಗಿ ಸಿಗುವ ಉದ್ದ ಕೂದಲು ಕೀಳುತ್ತಾರೆ. ಅದು ಒಳ್ಳೆಯ ಕೂದಲು, ಶಿಲೀಂಧ್ರ ಎಲ್ಲಿಂದ ಬರಬೇಕು? ಡರ್ಮೋಸ್ಕೋಪಿನಲ್ಲಿ ಬಾಗಿದ ಗಿಡ್ಡ ಕೂದಲನ್ನೇ ಗುರುತಿಟ್ಟು ಚಿಮಟದಿಂದ ಎತ್ತಿ. ರೋಗ ಹಿಡಿದ ಕೂದಲು ನೋವಿಲ್ಲದೆ ಬರುತ್ತದೆ. ಕಪ್ಪು ಚುಕ್ಕೆಯಷ್ಟೇ ಇದ್ದರೆ 15ನೇ ನಂಬರ್ ಬ್ಲೇಡಿನಿಂದ ಹೊಟ್ಟಿನ ಸಮೇತ ಕೆರೆದುಕೊಳ್ಳಿ. ಮುಲಾಮು ಹಚ್ಚಿದ್ದರೆ ಮೊದಲೇ 70 ಪ್ರತಿಶತ ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ಚರ್ಮಕ್ಕೆ 10 ಪ್ರತಿಶತ ಕೆಓಎಚ್ ಸಾಕು, ಕೂದಲಿಗೆ 20 ಬೇಕು. ಕವರ್ ಸ್ಲಿಪ್ ಮುಚ್ಚಿ ಸುಮಾರು 20 ನಿಮಿಷ ಬಿಡಬೇಕು. ಗಡಿಬಿಡಿಯಲ್ಲಿ ಜೋರಾಗಿ ಕಾಸಿದರೆ ಹರಳು ಕಟ್ಟಿ ಸ್ಲೈಡ್ ಹಾಳು. ಶಿಲೀಂಧ್ರವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಹಾಕಿದರೆ ನಾಲ್ಕು ವಾರದವರೆಗೂ ಕಾಯಬೇಕಾದೀತು. ಲೆನ್ಸಿನ ಲಕ್ಷಣ ಸ್ಪಷ್ಟವಿದ್ದರೆ ಅಷ್ಟು ದಿನ ಔಷಧ ತಡೆಹಿಡಿಯುವುದು ತಪ್ಪು.

ತಲೆಯ ಹುಳಕಡ್ಡಿಗೆ ಬರೀ ಮುಲಾಮು ನಾಟುವುದಿಲ್ಲ, ಯಾಕೆಂದರೆ ಶಿಲೀಂಧ್ರ ಕೂದಲ ಬುಡದೊಳಗೆ ಕೂತಿರುತ್ತದೆ. ತೂಕ ನೋಡಿ ನುಂಗುವ ಔಷಧವನ್ನೇ ಕೊಡಬೇಕು. ಗ್ರಿಸಿಯೋಫುಲ್ವಿನ್ ಆದರೆ 6ರಿಂದ 8 ವಾರ, ಜಿಡ್ಡಿನ ಊಟದ ಜೊತೆ. ಬೆಣ್ಣೆ ಹಚ್ಚಿದ ರೊಟ್ಟಿ ತಿಂದ ಮೇಲೆ ಕೊಟ್ಟರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಟ್ರೈಕೋಫೈಟಾನ್‌ಗೆ ಟರ್ಬಿನಾಫಿನ್ ಸಾಮಾನ್ಯವಾಗಿ 4 ವಾರ. ಕೀಟೋಕೊನಜೋಲ್ ಶಾಂಪೂ ವಾರಕ್ಕೆರಡು ಸಲ, ಅದು ಬೇರೆಯವರಿಗೆ ಹರಡುವುದನ್ನು ತಗ್ಗಿಸಲಿಕ್ಕೆ. ಅಂಗಡಿಯ ಕ್ಲೋಬೆಟಾಸೋಲ್ ಎಂಬ ಸ್ಟೀರಾಯ್ಡ್ ಬೆರೆತ ಟ್ಯೂಬ್‌ನಿಂದ ಕೆಂಪು, ತುರಿಕೆ, ಹೊಟ್ಟು ಇಳಿದು ವಾಸಿಯಾಯಿತು ಎನಿಸುತ್ತದೆ. ಲೆನ್ಸ್ ಹಿಡಿದರೆ ಬಾಗಿದ ಕೂದಲು ಅಲ್ಲೇ ಇರುತ್ತದೆ. ಕೀವು ತುಂಬಿ ಮೆತ್ತಗೆ ಊದಿಕೊಂಡ ಕೆರಿಯಾನ್ (ಹುಳಕಡ್ಡಿಯದೇ ಉಲ್ಬಣಿಸಿದ ರೂಪ) ಅನ್ನು ಬಾವು ಎಂದುಕೊಂಡು ಕೊಯ್ಯುವುದಂತೂ ಇನ್ನೂ ದೊಡ್ಡ ಅನಾಹುತ. ಕತ್ತಿನ ಹಿಂಭಾಗದ ಗಂಟು ಊದಿದೆಯೇ ಮುಟ್ಟಿ ನೋಡಿ, ಅಂಚಿನ ಕೂದಲು ಲೆನ್ಸಿನಲ್ಲಿ ನೋಡಿ, ಬ್ಲೇಡ್ ಕೆಳಗಿಡಿ.

ಒಬ್ಬರಿಂದ ಒಬ್ಬರಿಗೆ ಲೆನ್ಸಿನಿಂದಲೇ ರೋಗ ದಾಟಬಾರದು. ಪ್ರತಿ ಮಗುವಿನ ನಂತರ ಅದರ ಗಾಜನ್ನು 70 ಪ್ರತಿಶತ ಸ್ಪಿರಿಟ್‌ನಿಂದ ಒರೆಸಬೇಕು, ಇಲ್ಲವೇ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಪ್ರತಿ ಸಲ ಬದಲಿಸಬೇಕು. ಅಣ್ಣತಮ್ಮ, ಅಕ್ಕತಂಗಿಯರ ತಲೆಯೂ ಅದೇ ದಿನ ನೋಡಿಬಿಡಿ, ಬಾಚಣಿಗೆ ಎಲ್ಲರದ್ದೂ ಒಂದೇ ಇರುತ್ತದೆ.

ಡರ್ಮೋಸ್ಕೋಪಿ ಗೊತ್ತಿರುವವರನ್ನು ಹುಡುಕಿ ದೂರ ಹೋಗಬೇಕಿಲ್ಲ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಿಂದಲೇ ಈ ವಿಷಯದ ಲೇಖನಗಳು ಬಂದಿವೆ. ತಾಲ್ಲೂಕಿನ ವೈದ್ಯರು ತಜ್ಞರಿಗೆ ಚಿತ್ರ ಕಳಿಸುವಾಗ ನಾಲ್ಕು ಫೋಟೋ ಸಾಕು: ಇಡೀ ತಲೆಯದೊಂದು, ಬೋಳಾದ ಜಾಗದ್ದೊಂದು, ಅಂಚಿನದು ಲೆನ್ಸಿನಲ್ಲಿ ಒಣಗಿದ್ದೊಂದು, ಜೆಲ್ ಹಚ್ಚಿದ್ದೊಂದು. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ ಕೂದಲ ಪಟ್ಟಿಗಳು ಅಳಿಸಿಹೋಗುತ್ತವೆ, ಡಾಕ್ಯುಮೆಂಟ್ ಎಂದು ಕಳಿಸಿ. ಮುಖ ಬರದಂತೆ ನೋಡಿಕೊಳ್ಳಿ, ಮನೆಯವರ ಒಪ್ಪಿಗೆ ತೆಗೆದುಕೊಳ್ಳಿ. ನಾಲ್ಕನೇ ವಾರಕ್ಕೆ ಅದೇ ಜಾಗ, ಅದೇ ಹಿಗ್ಗಿಕೆಯಲ್ಲಿ ಮತ್ತೊಮ್ಮೆ ತೆಗೆದು ಪಕ್ಕ ಇಟ್ಟು ನೋಡಿ. ಬಾಗಿದ ಕೂದಲು ಇನ್ನೂ ಉಳಿದಿದ್ದರೆ ಔಷಧ ನಿಲ್ಲಿಸುವ ಮೊದಲು ಕೆಓಎಚ್ ಇನ್ನೊಮ್ಮೆ ಮಾಡಿ.