ಲುಕ್ಕಾದ ಮಡಿ

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿರುವ ಲುಕ್ಕಾ ಎಂಬ ಊರಿನ ಸುತ್ತ ನಾಲ್ಕು ಕಿಲೋಮೀಟರಿಗಿಂತ ತುಸು ಉದ್ದನೆಯ ಕೋಟೆಗೋಡೆಯಿದೆ. 16 ಮತ್ತು 17ನೆಯ ಶತಮಾನಗಳಲ್ಲಿ, ನೆರೆಯ ಫ್ಲಾರೆನ್ಸಿನವರು ಇಂದಲ್ಲ ನಾಳೆ ದಂಡೆತ್ತಿ ಬಂದೇ ಬರುತ್ತಾರೆಂಬ ಭಯದಲ್ಲಿ, ಊರಿನವರು ನೂರು ವರ್ಷಕ್ಕೂ ಮಿಕ್ಕಿ ಬೆವರು ಸುರಿಸಿ ಅದನ್ನು ಕಟ್ಟಿದರು. ಕಟ್ಟಿ ಮುಗಿದ ಮೇಲೆ ಮುತ್ತಿಗೆ ಹಾಕುವಷ್ಟು ಸೌಜನ್ಯವನ್ನು ಯಾವ ಶತ್ರುವೂ ತೋರಲಿಲ್ಲ. 1812ರಲ್ಲಿ ಸೆರ್ಕಿಯೊ ನದಿ ಉಕ್ಕಿದಾಗ ಹೆಬ್ಬಾಗಿಲುಗಳನ್ನು ಮುಚ್ಚಿ ನೀರನ್ನು ಹೊರಗೇ ತಡೆದದ್ದು ಆ ಗೋಡೆ ಮಾಡಿದ ಏಕೈಕ ಯುದ್ಧ. ಆಗ ಊರನ್ನು ಆಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲಿಸಾ. ಹೊರಗೆ ಸಿಕ್ಕಿಬಿದ್ದ ಆಕೆಯನ್ನು ಕ್ರೇನಿಗೆ ಕಟ್ಟಿ ಗೋಡೆಯ ಮೇಲಿಂದ ಒಳಗೆ ಇಳಿಸಿಕೊಂಡರೆಂಬ ಕಥೆ ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಪರದೇಶದವರು ಲುಕ್ಕಾದೊಳಕ್ಕೆ ಬರಲೇಬಾರದೆಂದಿಲ್ಲ, ರಾಜಮನೆತನದವರಾಗಿದ್ದರೆ ಕ್ರೇನಿನ ವ್ಯವಸ್ಥೆಯೂ ಇರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ಯುದ್ಧಕ್ಕಾಗಿ ಗೋಡೆ ಮತ್ತೆ ಸುಮಾರು ಇನ್ನೂರು ವರ್ಷ ಕಾಯಬೇಕಾಯಿತು. 2009ರ ಜನವರಿಯಲ್ಲಿ ಬಂದ ಶತ್ರುವಿನ ಹೆಸರು ಕಬಾಬ್.

ಆ ತಿಂಗಳು ಲುಕ್ಕಾದ ನಗರಸಭೆ ಒಂದು ನಿಯಮಾವಳಿಯನ್ನು ಅಂಗೀಕರಿಸಿತು. ಪಾಕಸಂಪ್ರದಾಯವನ್ನೂ, ಊರಿನ ವಾಸ್ತು, ಸಂಸ್ಕೃತಿ, ಇತಿಹಾಸ ಮತ್ತು ಒಳಾಂಗಣ ಅಲಂಕಾರಗಳ ವೈಶಿಷ್ಟ್ಯವನ್ನೂ ಕಾಪಾಡುವ ಸಲುವಾಗಿ, ಕೋಟೆಯೊಳಗಿನ ಹಳೆಯ ಊರಿನಲ್ಲಿ 'ಬೇರೆ ಜನಾಂಗಗಳಿಗೆ ಸೇರಿದ' ಎನ್ನಬಹುದಾದ ಹೊಸ ಹೋಟೆಲುಗಳಿಗೆ ಪರವಾನಗಿ ಇಲ್ಲ ಎಂಬುದು ಅದರ ತಾತ್ಪರ್ಯ. ಅದಾಗಲೇ ಒಳಗೆ ಸೇರಿಕೊಂಡಿದ್ದ ಅಂಗಡಿಗಳನ್ನು ಎಬ್ಬಿಸಲಿಲ್ಲ. ನಮ್ಮಲ್ಲಿ ಅಜ್ಜಿಯರು ಮಡಿ ಉಡುವಾಗ ಹಾಕುತ್ತಿದ್ದ ಷರತ್ತೂ ಹೀಗೆಯೇ ಇರುತ್ತಿತ್ತು: ಇದುವರೆಗೆ ಮುಟ್ಟಿದ್ದು ಮುಟ್ಟಿಯಾಯಿತು, ಇನ್ನು ಮುಂದೆ ಯಾರೂ ಮುಟ್ಟಕೂಡದು.

ಮಡಿಯಲ್ಲಿ ನಿಜವಾದ ಕಷ್ಟವೆಂದರೆ ಅದರ ಗಡಿ ಎಲ್ಲಿಗೆ ಮುಗಿಯುತ್ತದೆ ಎಂಬುದು. 'ಬೇರೆ ಜನಾಂಗ' ಎಂದರೆ ಯಾರು? ಟಸ್ಕನಿಯಲ್ಲಿ ಒಂದು ಹಳೆಯ ಗಾದೆಯಿದೆ: ಪೀಸಾದವನು ಬಾಗಿಲಿಗೆ ಬರುವುದಕ್ಕಿಂತ ಮನೆಯೊಳಗೆ ಹೆಣವಿರುವುದು ಲೇಸು. ಪೀಸಾ ಲುಕ್ಕಾದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಗಾದೆಯನ್ನು ಕಾನೂನಾಗಿ ಓದಿದರೆ ಮೊದಲು ಮುಚ್ಚಬೇಕಾದದ್ದು ಪೀಸಾದವನ ಅಂಗಡಿ. ಇನ್ನು ಸಿಸಿಲಿಯವನೊಬ್ಬ ಬಂದು ತ್ರಾಪನಿಯ, ರವೆಯನ್ನು ಹಬೆಯಲ್ಲಿ ಬೇಯಿಸಿ ಮಾಡುವ ಕುಸ್‌ಕುಸ್ ಮಾರುತ್ತೇನೆ ಎಂದರೆ ಅವನ ಅರ್ಜಿಯನ್ನು ಯಾವ ಕಡತಕ್ಕೆ ಸೇರಿಸಬೇಕು? ತ್ರಾಪನಿ ಇಟಲಿಯ ಊರೇ. ಕುಸ್‌ಕುಸ್ ಅಲ್ಲಿನ ಮನೆಮನೆಯ ಅಡುಗೆ, ಪಕ್ಕದ ಸಾನ್ ವಿತೊ ಲೊ ಕಾಪೊದಲ್ಲಿ ಅದಕ್ಕೆ ವರ್ಷವರ್ಷವೂ ಜಾತ್ರೆ ನಡೆಯುತ್ತದೆ. ಆದರೆ ಭೂಪಟ ತೆರೆದು ಅಳೆದರೆ ತ್ರಾಪನಿಗೆ ಲುಕ್ಕಾಕ್ಕಿಂತ ಆಫ್ರಿಕಾದ ಟ್ಯುನಿಸ್ ಬಹಳ ಹತ್ತಿರ. ಅದೇ ರವೆ, ಅದೇ ಹಬೆ, ಅದೇ ಮೀನಿನ ಸಾರು. ಮಾಡುವವನ ಹೆಸರು ಸಾಲ್ವತೋರೆ ಎಂದಿದ್ದರೆ ಅದು ಪರಂಪರೆ, ಸಲೀಂ ಎಂದಿದ್ದರೆ ಒಳಾಂಗಣ ಅಲಂಕಾರಕ್ಕೆ ಧಕ್ಕೆ.

ಇದರ ನಡುವೆ ಮೆಡಿಟರೇನಿಯನ್ ಎಂಬ ಪದದ ಪಾಡನ್ನು ನೋಡಬೇಕು. ಒಂದೇ ಸಮುದ್ರದ ದಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳು ಕುಳಿತು, ಸರಿಸುಮಾರು ಅದೇ ಆಲಿವ್ ಎಣ್ಣೆ, ಅದೇ ಗೋಧಿ, ಅದೇ ಕಡಲೆ, ಅದೇ ಬದನೆಯನ್ನು ಉಣ್ಣುತ್ತಿವೆ. ಲುಕ್ಕಾದ ಕೋಟೆಯೊಳಗೆ ಟರ್ಕಿ, ಮೊರಾಕೊ, ಲೆಬನಾನಿನವರ ಒಲೆ ಹೊತ್ತಬಾರದೆಂದು ನಿಯಮವಾದ ಮರುವರ್ಷವೇ, ಅಂದರೆ 2010ರಲ್ಲಿ, ಇಟಲಿ ಸರಕಾರವು ಗ್ರೀಸ್, ಸ್ಪೇನ್ ಮತ್ತು ಅದೇ ಮೊರಾಕೊದೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳಿತು 'ಮೆಡಿಟರೇನಿಯನ್ ಆಹಾರಪದ್ಧತಿ'ಯನ್ನು ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಒಟ್ಟಾಗಿ ಕುಳಿತು ಉಣ್ಣುವುದು ಈ ಪರಂಪರೆಯ ಜೀವಾಳ ಎಂದು ಅರ್ಜಿಯಲ್ಲಿ ಬರೆದದ್ದೂ ಉಂಟು. ಯುನೆಸ್ಕೋದ ಪ್ಯಾರಿಸ್ ಕಚೇರಿಯ ಕಡತದಲ್ಲಿ ಸಹಪಂಕ್ತಿ, ಲುಕ್ಕಾದ ಬೀದಿಯಲ್ಲಿ ಬೇರೆ ಪಂಕ್ತಿ. ಈ ಆಹಾರಪದ್ಧತಿಯ ಗುಣಗಾನವನ್ನು ಜಗತ್ತಿಗೆ ಸಾರಿದವನು ಕೂಡ ಇಟಲಿಯವನಲ್ಲ, ಅಮೆರಿಕದ ಮಿನಿಸೋಟಾದ ಪ್ರೊಫೆಸರ್ ಆನ್ಸೆಲ್ ಕೀಸ್. ಆತ ದಕ್ಷಿಣ ಇಟಲಿಯ ಪಿಯೊಪ್ಪಿ ಎಂಬ ಮೀನುಗಾರರ ಹಳ್ಳಿಯಲ್ಲಿ ವರ್ಷಗಟ್ಟಲೆ ನೆಲೆಸಿ, ಸೊಪ್ಪು ಮತ್ತು ಕಾಳು ತಿಂದು, ನೂರು ವರ್ಷ ಬದುಕಿ, 2004ರಲ್ಲಿ ತೀರಿಕೊಂಡ. ಪುಣ್ಯಕ್ಕೆ ಅವನು ಹೋಟೆಲು ತೆರೆಯಲು ಪರವಾನಗಿ ಕೇಳಲಿಲ್ಲ.

ನಿಯಮವನ್ನು ಮೆಚ್ಚಿದವರಲ್ಲಿ ಆಗಿನ ಕೃಷಿ ಸಚಿವ ಲೂಕಾ ಝಾಯಾ ಮುಂಚೂಣಿಯಲ್ಲಿದ್ದರು. ತಾವು ಜನ್ಮದಲ್ಲಿ ಕಬಾಬ್ ತಿಂದವರಲ್ಲ, ತಮ್ಮ ವೆನೆಟೊ ಸೀಮೆಯ ಅಡುಗೆಯೇ ತಮಗೆ ಇಷ್ಟ, ಅನಾನಸನ್ನು ಕೂಡ ತಾವು ಮುಟ್ಟುವುದಿಲ್ಲ ಎಂದು ಅವರು ಪತ್ರಿಕೆಯವರಿಗೆ ಹೇಳಿದರು. ಇಂಥ ನೇಮನಿಷ್ಠೆಗೆ ಕೈಮುಗಿಯಬೇಕು. ಕೈಮುಗಿದ ಮೇಲೆ ವೆನೆಟೊದ ತಟ್ಟೆಯೊಳಗೂ ಒಮ್ಮೆ ಇಣುಕಬೇಕು. ಅಲ್ಲಿನ ಜೀವನಾಧಾರವಾದ ಪೊಲೆಂಟಾ ಮೆಕ್ಕೆಜೋಳದ ಮುದ್ದೆ. ಮೆಕ್ಕೆಜೋಳವೂ ಅನಾನಸಿನ ಹಾಗೆಯೇ ಅಮೆರಿಕದಿಂದ ಹಡಗು ಹತ್ತಿ ಬಂದದ್ದು. ಅದಕ್ಕಿಂತ ದೊಡ್ಡ ಅಪಚಾರವೆಂದರೆ ಇಟಲಿಯವರು ಮೆಕ್ಕೆಜೋಳವನ್ನು ತಮ್ಮ ಭಾಷೆಯಲ್ಲಿ 'ಗ್ರಾನೊತುರ್ಕೊ', ಎಂದರೆ ತುರ್ಕರ ಧಾನ್ಯ, ಎಂದು ಕರೆಯುತ್ತಾರೆ. ತುರ್ಕರ ಮಾಂಸ ಬೇಡ, ತುರ್ಕರ ಮುದ್ದೆ ನಡೆಯುತ್ತದೆ. ಅದೇ ಸೀಮೆಯ ವಿಚೆಂಜಾ ಊರಿನ ಹೆಸರಾಂತ ಬಕ್ಕಲಾ ಮೀನು ನಾರ್ವೆಯ ಲೊಫೊಟೆನ್ ದ್ವೀಪಗಳಲ್ಲಿ ಒಣಗಿಸಿದ್ದು. 1432ರಲ್ಲಿ ಹಡಗೊಡೆದು ಆ ಕಡೆಗೆ ತೇಲಿಹೋದ ವೆನಿಸ್ಸಿನ ವರ್ತಕನೊಬ್ಬ ಅದರ ರುಚಿ ಹಿಡಿಸಿಕೊಂಡು ಊರಿಗೆ ಬಂದ ಎಂದು ವೆನೆಟೊದವರೇ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಇದೇ ಸಚಿವರು 2010ರ ಜನವರಿಯಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿಯ 'ಮೆಕ್‌ಇಟಲಿ' ಬರ್ಗರಿಗೆ ತಮ್ಮ ಸಚಿವಾಲಯದ ಆಶೀರ್ವಾದವನ್ನೂ ಕೊಟ್ಟರು. ಒಳಗೆ ಇಟಲಿಯ ಚೀಸ್ ಇದ್ದುದರಿಂದ ಅದು ಶುದ್ಧವಾಯಿತು. ಪಂಚಗವ್ಯದ ಒಂದು ಹನಿಗೆ ನಾವು ಇದಕ್ಕಿಂತ ಹೆಚ್ಚಿನ ಶಕ್ತಿಯನ್ನು ಆರೋಪಿಸಿದ್ದಿಲ್ಲ.

ಲುಕ್ಕಾ ಒಂಟಿಯಾಗಿ ಉಳಿಯಲಿಲ್ಲ. 2016ರಲ್ಲಿ ವೆರೋನಾ ತನ್ನ ಹಳೆಯ ಊರಿನಲ್ಲಿ ಕಬಾಬಿನಂಥ ಹೊಸ ಅಂಗಡಿಗಳನ್ನು ತಡೆಯಿತು. ಅದೇ ವರ್ಷ ಫ್ಲಾರೆನ್ಸು ಹೊಸ ಹೋಟೆಲುಗಳ ಸಾಮಗ್ರಿಯಲ್ಲಿ ನೂರಕ್ಕೆ 70 ಪಾಲು ಸ್ಥಳೀಯವಾಗಿರಬೇಕೆಂದಿತು. 2017ರಲ್ಲಿ ವೆನಿಸ್, ಕಬಾಬಿನ ಜೊತೆಗೆ ತುಂಡು ಮಾಡಿ ಕೈಗೆ ಕೊಡುವ ಪಿಜ್ಜಾದ ಹೊಸ ಅಂಗಡಿಗಳಿಗೂ ಬಾಗಿಲು ಹಾಕಿತು. ಪಿಜ್ಜಾ ಇಟಲಿಯಲ್ಲಿ ಬಹಿಷ್ಕೃತವಾದ ದೃಶ್ಯವನ್ನು ಕಾಣಲು ನಾವು ಬದುಕಿದ್ದೆವು ಎಂಬುದೇ ಒಂದು ಭಾಗ್ಯ.

ಲುಕ್ಕಾದ ಸ್ವಂತದ್ದೇನು ಎಂದು ಹುಡುಕಿದಷ್ಟೂ ಊರು ದೊಡ್ಡದಾಗುತ್ತ ಹೋಗುತ್ತದೆ. ಮಧ್ಯಯುಗದಲ್ಲಿ ಅದು ಹಣ ಮಾಡಿದ್ದು ಪೂರ್ವದೇಶಗಳಿಂದ ಬಂದ ಕಚ್ಚಾ ರೇಷ್ಮೆಯನ್ನು ನೇಯ್ದು ಮಾರಿ. ಊರಿನ ಹೆಮ್ಮೆಯ ಮಗ, ಸಂಗೀತಕಾರ ಪುಚ್ಚಿನಿ 1858ರಲ್ಲಿ ಕೋಟೆಯೊಳಗೇ ಹುಟ್ಟಿದ. ಅವನ ಒಂದು ಆಪೆರಾ ನಾಗಸಾಕಿಯಲ್ಲಿ ನಡೆಯುತ್ತದೆ, ಇನ್ನೊಂದು ಪೀಕಿಂಗಿನಲ್ಲಿ, ಮತ್ತೊಂದು ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯ ಬಳಿ. ಜಪಾನಿನ ಹೆಣ್ಣು ಲುಕ್ಕಾದವನ ಸ್ವರದಲ್ಲಿ ಅತ್ತರೆ ಕಲೆ, ಆಕೆ ಬೀದಿ ಮೂಲೆಯಲ್ಲಿ ಸೂಪಿನ ಅಂಗಡಿ ಇಟ್ಟರೆ ಅತಿಕ್ರಮಣ. ಇನ್ನು ಊರಿನವರು ಅತಿ ಭಕ್ತಿಯಿಂದ ಕಾಣುವ, ಪ್ರತಿ ಸೆಪ್ಟೆಂಬರ್ 13ರ ರಾತ್ರಿ ದೀಪಗಳ ನಡುವೆ ಮೆರವಣಿಗೆ ಹೊರಡುವ ವೋಲ್ತೊ ಸಾಂತೊ ಶಿಲುಬೆಯ ಕಥೆಯೋ ಮತ್ತೂ ಸ್ವಾರಸ್ಯದ್ದು. ಪವಿತ್ರಭೂಮಿಯಲ್ಲಿ ಕೆತ್ತಲಾದ ಆ ಮೂರ್ತಿ ನಾವಿಕರಿಲ್ಲದ ದೋಣಿಯಲ್ಲಿ ಮೆಡಿಟರೇನಿಯನ್ನನ್ನು ದಾಟಿ ಬಂದು, ದಡದಿಂದ ಪಳಗಿಸದ ಎತ್ತುಗಳ ಬಂಡಿಯಲ್ಲಿ ಲುಕ್ಕಾಕ್ಕೆ ತಲುಪಿತೆಂದು ಐತಿಹ್ಯ. ಪೂರ್ವ ದಡದಿಂದ, ಕಾಗದಪತ್ರವಿಲ್ಲದೆ, ದೋಣಿಯಲ್ಲಿ!

ಈಗ ಕೋಟೆಯೊಳಗಿನ ಅಚ್ಚ ಸ್ಥಳೀಯ ಹೋಟೆಲಿನಲ್ಲಿ ಊಟಕ್ಕೆ ಕೂರೋಣ. ಮೊದಲಿಗೆ ತೊರ್ದೆಲ್ಲಿ: ನಮ್ಮ ಕರ್ಜಿಕಾಯಿಯ ಆಕಾರದ, ಮಾಂಸ ತುಂಬಿದ ಪಾಸ್ತಾ, ಮೇಲೆ ಟೊಮೆಟೊ ಬೆರೆತ ಮಾಂಸದ ಗೊಜ್ಜು. ಪಾಸ್ತಾದ ವಿಷಯವಾಗಿ, 1154ರಲ್ಲಿ ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಜ್ಞ ಪಲೆರ್ಮೊ ಸಮೀಪದ ತ್ರಾಬಿಯಾದಲ್ಲಿ ಅದನ್ನು ರಾಶಿರಾಶಿಯಾಗಿ ತಯಾರಿಸಿ ಹಡಗುಗಳಲ್ಲಿ ಕಳುಹಿಸುತ್ತಿದ್ದರೆಂದು ಅರಬಿ ಹೆಸರಿನಲ್ಲೇ ಬರೆದಿಟ್ಟಿದ್ದಾನೆ. ಟೊಮೆಟೊದ ವಿಷಯ ಇನ್ನೂ ಮುಜುಗರದ್ದು. 1548ರ ಅಕ್ಟೋಬರ್ 31ರಂದು ಫ್ಲಾರೆನ್ಸನ್ನು ಆಳುತ್ತಿದ್ದ ಡ್ಯೂಕ್ ಕೋಸಿಮೊ ಡೆ ಮೆಡಿಚಿಯ ಮುಂದೆ ಅವನ ತೋಟದ ಒಂದು ಬುಟ್ಟಿ ಟೊಮೆಟೊವನ್ನು ತಂದಿಟ್ಟ ದಾಖಲೆಯಿದೆ. ತಂದಿಟ್ಟದ್ದು ಎಲ್ಲಿ ಎಂದರೆ ಪೀಸಾದಲ್ಲಿ. ಹೆಣವೇ ಲೇಸು ಎನಿಸಿಕೊಂಡ ಆ ಊರಿನಲ್ಲಿ, ಆ ಕೆಂಪು ಹಣ್ಣು ಟಸ್ಕನಿಯ ದಾಖಲೆಗೆ ಪ್ರವೇಶ ಪಡೆಯಿತು. 1690ರ ದಶಕದಲ್ಲಿ ನೇಪಲ್ಸಿನಲ್ಲಿ ಟೊಮೆಟೊ ಗೊಜ್ಜಿನ ವಿಧಾನ ಅಚ್ಚಾದಾಗಲೂ ಅದರ ತಲೆಬರಹದಲ್ಲಿ 'ಸ್ಪೇನಿನ ಶೈಲಿಯದು' ಎಂದೇ ಇತ್ತು. ಊಟದ ಕೊನೆಗೆ ಬರುವ ಸೊಪ್ಪಿನ ಸಿಹಿ ಕಡುಬಿಗೆ ಕಾಳುಮೆಣಸು ಹಾಕುತ್ತಾರೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಯಾರ ಅಡುಗೆಮನೆಗಳ ಹಸಿವಿನಿಂದ ಎಂಬುದನ್ನು ಆ ಕಡುಬು ಕೊಂಚ ಹೇಳುತ್ತದೆ. ಪೋ ನದಿಯ ಬಯಲಿನಲ್ಲಿ ಹೆಸರಾಂತ ಗಟ್ಟಿ ಚೀಸುಗಳಿಗೆ ಹಾಲು ಕೊಡುವ ಹಸುಗಳ ಕೊಟ್ಟಿಗೆಯಲ್ಲಿ ದುಡಿಯುವವರಲ್ಲಿ ಪಂಜಾಬಿನಿಂದ ಹೋದ ಸಿಖ್ಖರ ಪಾಲು ದೊಡ್ಡದು. ಚೀಸಿನ ಮೇಲೆ ಮುದ್ರೆ ಒತ್ತುವಾಗ ಪೇಟದ ಗುರುತು ಬೀಳುವುದಿಲ್ಲವಾದ್ದರಿಂದ ಮಡಿಗೆ ಭಂಗವಿಲ್ಲ.

ಇಷ್ಟೆಲ್ಲ ಆದ ಮೇಲೆ 2025ರ ಡಿಸೆಂಬರಿನಲ್ಲಿ ಇಟಲಿಯ ಇಡೀ ಅಡುಗೆಯೇ ಯುನೆಸ್ಕೋ ಪಟ್ಟಿಗೆ ಸೇರಿತು. ಘೋಷಣೆಯಾದದ್ದು ನಮ್ಮ ದೆಹಲಿಯ ಕೆಂಪುಕೋಟೆಯಲ್ಲಿ ನಡೆದ ಸಭೆಯಲ್ಲಿ. ಅದೇ ಸಭೆಯಲ್ಲಿ ನಮ್ಮ ದೀಪಾವಳಿಗೂ ಸ್ಥಾನ ಸಿಕ್ಕಿತು. ಇಟಲಿ ತನ್ನ ಅರ್ಜಿಯ ಶೀರ್ಷಿಕೆಯಲ್ಲಿ ಹೆಮ್ಮೆಯಿಂದ ಬಳಸಿದ ಪದ 'ವೈವಿಧ್ಯ'. ಬೇರೆಯವರ ಕೋಟೆಯೊಳಗೆ ವೈವಿಧ್ಯವನ್ನು ಹೊಗಳುವುದು ಸುಲಭ.

ಲುಕ್ಕಾದ ನಿಯಮದಲ್ಲಿ ನನಗೆ ಕಾಣುವ ನಿಜವಾದ ದೋಷ ಅದರ ಕಟ್ಟುನಿಟ್ಟಲ್ಲ, ಸಡಿಲ. ಪರದೇಶದ ಪದಾರ್ಥವನ್ನು ಹೊರಗಿಡುವ ವಿದ್ಯೆಯಲ್ಲಿ ನಮ್ಮ ಶ್ರಾದ್ಧದ ಅಡುಗೆಯವರಿಗೆ ಸಮನಾದವರು ಈ ಭೂಮಿಯಲ್ಲಿಲ್ಲ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಎಲೆಕೋಸು ಇಲ್ಲ, ಮೆಣಸಿನಕಾಯಿಯ ಬದಲು ಕಾಳುಮೆಣಸು. ಕೊಲಂಬಸ್ ಹಡಗು ಹತ್ತಿದ್ದೇ ಸುಳ್ಳು ಎಂಬಂತೆ ಅವರು ಬಾಳೆಕಾಯಿ, ಹಾಗಲಕಾಯಿಗಳಲ್ಲಿ ಐವತ್ತು ಜನರ ಊಟವನ್ನು ಎತ್ತಿಬಿಡುತ್ತಾರೆ. ಲುಕ್ಕಾದ ನಗರಸಭೆಯವರು ಅಂಥ ಒಬ್ಬ ಭಟ್ಟರನ್ನು ಉಡುಪಿಯ ಕಡೆಯಿಂದ ಕರೆಸಿ, ಒಂದು ದಿನದ ಮಟ್ಟಿಗೆ ಕೋಟೆಯೊಳಗಿನ ಅಡುಗೆಮನೆಯನ್ನು ಒಪ್ಪಿಸಬೇಕಿತ್ತು.

ಭಟ್ಟರು ಸೊಂಟಕ್ಕೆ ಪಂಚೆ ಬಿಗಿದು ಒಂದೊಂದೇ ಡಬ್ಬಿಯನ್ನು ತೆರೆದು ನೋಡುತ್ತಾರೆ. ಟೊಮೆಟೊ ಹೊರಗೆ. ಪೊಲೆಂಟಾ ಹೊರಗೆ. ಬಿಳಿ ಬೀನ್ಸ್ ಕಾಳು ಅಮೆರಿಕದ್ದು, ಹೊರಗೆ. ಆಲೂಗಡ್ಡೆಯನ್ನು ಕೇಳುವುದೇ ಬೇಡ. ಕೊನೆಗೆ ಉಳಿಯುವುದು ಲುಕ್ಕಾದ ಉತ್ತರದ ಗಾರ್ಫಾನ್ಯಾನ ಕಣಿವೆಯಲ್ಲಿ ಬೆಳೆಯುವ, ರೋಮನ್ನರ ಕಾಲದ್ದೆಂದು ಊರು ಬೀಗುವ ಫಾರ್ರೊ ಧಾನ್ಯ. ಭಟ್ಟರು ಅದನ್ನು ಅಂಗೈಗೆ ಹಾಕಿ ನೋಡಿ ನಗುತ್ತಾರೆ, ಏಕೆಂದರೆ ಅದು ನಮ್ಮ ಉತ್ತರ ಕರ್ನಾಟಕದವರು ಹುಗ್ಗಿ ಮಾಡುವ ಜವೆ ಗೋಧಿ. ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ಅದನ್ನು ಮೊದಲು ಪಳಗಿಸಿದ್ದು ಇಂದಿನ ಟರ್ಕಿ, ಸಿರಿಯಾಗಳ ಸೀಮೆಯಲ್ಲಿ, ಅಂದರೆ ಕಬಾಬಿನ ತವರಿನಲ್ಲಿ. ಡಬ್ಬಿಯ ಮುಚ್ಚಳ ಹಾಕಿ ಅವರು ಅದನ್ನೂ ಹೊರಗಿಡುತ್ತಾರೆ. ಸದಸ್ಯರ ಎಲೆಗೆ ಬೇಯಿಸಿದ ಸೊಪ್ಪು ಮತ್ತು ಆಲಿವ್ ಎಣ್ಣೆ ಬೀಳುತ್ತದೆ. ಅವರು ಮಾತಿಲ್ಲದೆ ಉಂಡು, ಕೈತೊಳೆದು, ಈಗಲಾದರೂ ಒಂದು ಎಸ್ಪ್ರೆಸೊ ಸಿಗಬಹುದೇ ಎಂದು ಮೆಲ್ಲಗೆ ವಿಚಾರಿಸುತ್ತಾರೆ.

ಕಾಫಿ ಇಥಿಯೋಪಿಯಾದಲ್ಲಿ ಹುಟ್ಟಿ, ಯೆಮನ್ನಿನಲ್ಲಿ ಬೆಳೆದು, ಒಂದು ದಾರಿಯಲ್ಲಿ ವೆನಿಸ್ಸಿಗೂ ಇನ್ನೊಂದು ದಾರಿಯಲ್ಲಿ ನಮ್ಮ ಬಾಬಾಬುಡನ್‌ಗಿರಿಗೂ ಹೋಯಿತು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಂದು ಇಟಲಿ, ಆ ಕಾಫಿಯ ಬಹುಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಭಟ್ಟರಿಗೆ ಇದೆಲ್ಲ ಗೊತ್ತು, ಅವರ ಭಾವಮೈದನದೇ ಕೊಪ್ಪದಲ್ಲಿ ಐದು ಎಕರೆ ತೋಟವಿದೆ.

"ಮಡಿಯಲ್ಲಿ ಅದು ಬರುವುದಿಲ್ಲ," ಎನ್ನುತ್ತಾರೆ ಅವರು, ಒಲೆಯನ್ನು ಆರಿಸುತ್ತ. "ಕೋಟೆಯ ಬಾಗಿಲು ದಾಟಿದರೆ ಎಡಗಡೆಗೆ ಒಂದು ಕಬಾಬಿನ ಅಂಗಡಿಯಿದೆ. ಅಲ್ಲಿ ಕೊಡುತ್ತಾರೆ, ಚೆನ್ನಾಗಿಯೂ ಇರುತ್ತದೆ."